ಎಳೆ ಸುಟ್ಟ ವಾಸನೆ

ನನಗೆ ಮೂರ್ಛೆ ಬರುವ ಮುನ್ನ ರೇಷ್ಮೆ ಎಳೆ ಸುಟ್ಟ ವಾಸನೆ ಬರುತ್ತದೆ. ಕೂದಲು ಸುಟ್ಟರೆ ಬರುತ್ತದಲ್ಲ, ಹಾಗೆ. ಬೇರೆ ಊರಲ್ಲಿ ಹುಟ್ಟಿದ್ದರೆ ಇದರಿಂದ ಅನುಕೂಲವೇ ಆಗುತ್ತಿತ್ತೇನೋ, ವಾಸನೆ ಬಂದ ಕೂಡಲೇ ಮಲಗಿಬಿಡಬಹುದಿತ್ತು. ಆದರೆ ನಾನು ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ. ನೂಲು ಅಸಲಿಯೋ ಕಲಬೆರಕೆಯೋ ಎಂದು ನೋಡಲು ನಮ್ಮಲ್ಲಿ ಒಂದು ಎಳೆ ಕಿತ್ತು ಬೆಂಕಿಕಡ್ಡಿ ತಗುಲಿಸುತ್ತಾರೆ. ಹಾಗಾಗಿ ಆ ವಾಸನೆ ಬೀದಿಯಿಂದ ಬಂತೋ, ನನ್ನ ತಲೆಯೊಳಗಿಂದ ಬಂತೋ ನನಗೆ ತಿಳಿಯುತ್ತಿರಲಿಲ್ಲ. "ಅವ್ವಾ, ಯಾರಾದ್ರೂ ಎಳೆ ಸುಟ್ರಾ?" ಎಂದು ಕೂಗುತ್ತಿದ್ದೆ. "ಹೂಂ, ಪಕ್ಕದ ಮನೇಲಿ" ಎಂದರೆ ಉಸಿರು ಬಿಡುತ್ತಿದ್ದೆ. ಅವ್ವ ಉತ್ತರ ಕೊಡದೆ ಓಡಿ ಬಂದರೆ ಮುಗಿಯಿತು.

ಇದನ್ನು ಬರೆಯಲು ಧೈರ್ಯ ಬಂದದ್ದು ಈಚೆಗೆ. ಇಂಥವರೊಬ್ಬರನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡಿರುವವರು ಎಷ್ಟು ಜನವೋ. ಅವರಿಗಾಗಿ ಬರೆಯುತ್ತಿದ್ದೇನೆ. ರೋಗದ ವಿವರವನ್ನು ಡಾಕ್ಟರು ಹೇಳುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಹೆದರಿಕೆ ಮಾತ್ರ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಹತ್ತೊಂಬತ್ತು. ನಮ್ಮ ಮನೆಮಾತು ತೆಲುಗು, ಅಪ್ಪನನ್ನು ನಾಯ್ನ ಎನ್ನುತ್ತಿದ್ದೆವು. ನಾಯ್ನ ಗುಂಡಿಮಗ್ಗದಲ್ಲಿ ಕೂತು ಸೀರೆಯ ಒಡಲು ನೇಯುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಅಂಚಿನ ಲಾಳಿ ದಾಟಿಸುತ್ತಿದ್ದೆ. ವಾಸನೆ ಬಂತು. ಆಮೇಲೆ ನನಗೆ ನೆನಪಿರುವುದು ಬಾಯಲ್ಲಿ ರಕ್ತದ ರುಚಿ, ಕಬ್ಬಿಣ ಹಿಡಿದರೆ ನಿಲ್ಲುತ್ತದೆಂದು ಯಾರೋ ಕೈಯಲ್ಲಿ ತುರುಕಿದ್ದ ಬೀಗದ ಕೈ ಗೊಂಚಲು. ನಾನು ಮಗ್ಗಕ್ಕೆ ಬಿಗಿದಿದ್ದ ಉದ್ದೆಳೆಗಳ ಹಾಸಿನ ಮೇಲೆಯೇ ಬಿದ್ದು ಒದ್ದಾಡಿ ಅಂಗೈ ಅಗಲದಷ್ಟು ಎಳೆ ಹರಿದುಹಾಕಿದ್ದೆ. ತಾನು ಮೊದಲು ನೋಡಿದ್ದು ಹಾಸನ್ನು, ಆಮೇಲೆ ಮಗಳನ್ನು ಎಂದು ನಾಯ್ನ ಎಷ್ಟೋ ವರ್ಷದ ಮೇಲೆ ನನ್ನೆದುರು ಒಪ್ಪಿಕೊಂಡರು. ನಾನು ನಕ್ಕುಬಿಟ್ಟೆ. ಅರ್ಧ ನೇಯ್ದ ಸೀರೆ ಮುಂದಿದ್ದರೆ ನೇಕಾರನ ಕಣ್ಣು ಇನ್ನೆಲ್ಲಿಗೆ ಹೋದೀತು.

ತಿಂಗಳೊಳಗೆ ಮತ್ತೆ ಎರಡು ಸಲ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ದಿನಾ ಸಂಜೆ ಒಂದು, ಎಷ್ಟು ವರ್ಷವೋ ಹೇಳಲಾಗದು, ಒಂದು ದಿನವೂ ತಪ್ಪಿಸಬಾರದು ಎಂದರು. ಮಗ್ಗದ ಗುಂಡಿಯ ಹತ್ತಿರ ಸುಳಿಯಬಾರದು ಎಂದೂ ಹೇಳಿದರು. ನನಗೆ ಉಳಿದ ಕೆಲಸ ಎಳೆ ಹೊಸೆಯುವುದು. ಒಂದು ಹಾಸು ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದರ ಜೋಡಿಗೆ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಬೆರಳು ಜಾರದಿರಲು ಆಗಾಗ ಬೂದಿ ಮುಟ್ಟಿಕೊಳ್ಳುತ್ತೇವೆ. ಅದಕ್ಕೆಂದೇ ಮನೆಯಲ್ಲಿ ಎರಡು ಬೂದಿ ಡಬ್ಬಿ ಇದ್ದವು, ಒಂದು ಕೆಲಸಕ್ಕೆ, ಇನ್ನೊಂದು ಅಟ್ಟಣಿಗೆಯ ಮೇಲೆ ದಾಸ್ತಾನಿಗೆ.

ನಾವು ಕ್ರೈಸ್ತರಾದದ್ದು ನನ್ನ ಆರನೇ ವಯಸ್ಸಿನಲ್ಲಿ. ಪ್ರಾರ್ಥನೆ ಸಭೆಗೆ ಹೋಗತೊಡಗಿದ ಮೇಲೆ ನಾಯ್ನ ಕುಡಿಯುವುದನ್ನು ಬಿಟ್ಟರು. ಬೇರೆ ಕಾರಣ ಅವರಿಗೆ ಬೇಕಿರಲಿಲ್ಲ. "ಗಂಡನ್ನ ಮನೆಗೆ ತಂದುಕೊಟ್ಟ ದೇವ್ರು, ಹೆಸರು ಏನಾದ್ರೂ ಇರ್ಲಿ" ಎಂದು ಅವ್ವ ಹಿಂದೆ ಹೋದಳು. ಕೃಪಾ ಎಂಬ ಹೆಸರು ನನಗೆ ಬಂದದ್ದು ಆಗಲೇ. ಆದರೆ ಮನೆಯಲ್ಲಿ ನಿಜವಾಗಿ ಭಕ್ತಿಯ ಹುಚ್ಚು ಹಿಡಿದದ್ದು ನನಗೆ. ಭಾನುವಾರ ತಗಡಿನ ಶೀಟಿನ ಆ ಸಭಾಮಂದಿರಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಚಾಪೆ ಹಾಸುತ್ತಿದ್ದೆ. ಉಪವಾಸ ಮಾಡುತ್ತಿದ್ದೆ. ಯೇಸು ಪಕ್ಕದಲ್ಲಿ ಕೂತಿದ್ದಾನೆ ಎಂಬಂತೆ, ಎಳೆ ಹೊಸೆಯುತ್ತ ಅವನ ಜೊತೆ ಗೊಣಗುತ್ತಿದ್ದೆ.

ಸಭೆ ನಡೆಸುತ್ತಿದ್ದವರನ್ನು ಎಲ್ಲರೂ ಬ್ರದರ್ ಎನ್ನುತ್ತಿದ್ದರು. ಅವರು ಹೊರಗಿನಿಂದ ಬಂದವರು, ಸಿಟ್ಟಿಲ್ಲದ ಮನುಷ್ಯ. ನನ್ನ ವಿಷಯ ಕೇಳಿ ಮನೆಗೆ ಬಂದರು, ತಲೆಯ ಮೇಲೆ ಕೈಯಿಟ್ಟರು. ಇದು ರೋಗವಲ್ಲ, ಅಶುದ್ಧಾತ್ಮ ಎಂದರು. "ಹೊರಗೆ ಬಾ" ಎಂದು ಗಟ್ಟಿಯಾಗಿ ಆಜ್ಞೆ ಮಾಡತೊಡಗಿದರು, ನನ್ನ ಕಣ್ಣನ್ನೇ ನೋಡುತ್ತ. ನನಗೆ ಎದ್ದು ಹೋಗಿಬಿಡಬೇಕು ಅನ್ನಿಸುತ್ತಿತ್ತು. ಒಳಗೆ ಹುಡುಕಿದರೆ ನನ್ನನ್ನು ಬಿಟ್ಟು ಬೇರೆ ಯಾರೂ ಸಿಗುತ್ತಿರಲಿಲ್ಲ. ಅವತ್ತಿನಿಂದ ಕನ್ನಡಿ ನೋಡಲು ಹೆದರಿಕೆ. ತಲೆ ಬಾಚುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಕನ್ನಡಿಯಲ್ಲಿರುವವಳು ನನಗಿಂತ ಮೊದಲು ನಕ್ಕುಬಿಟ್ಟರೆ ಎಂದು.

"ಪೂರ್ತಿ ನಂಬಿದವಳಿಗೆ ಮಾತ್ರೆ ಯಾಕಮ್ಮ?" ಎಂದರು ಬ್ರದರ್. ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ಸುಲಭ. ಆದರೆ ಮಾತ್ರೆಯನ್ನು ಚರಂಡಿಗೆ ಎಸೆದ ಕೈ ನನ್ನದೇ. ನಾಯ್ನ ಪಕ್ಕದಲ್ಲಿ ನಿಂತು ಸ್ತೋತ್ರ ಹೇಳಿದರು. ಅವ್ವ ಬಾಗಿಲಲ್ಲಿ ನಿಂತು ಚರಂಡಿಯನ್ನು ನೋಡಿದಳು, ಏನೂ ಅನ್ನಲಿಲ್ಲ. ಮಾತಾಡದ ಅವ್ವನನ್ನು ನಂಬಬಾರದು ಎಂದು ನನಗೆ ಆಗ ಹೊಳೆಯಬೇಕಿತ್ತು.

ಮೊದಲ ವಾರ ಜೀವ ಕೈಯಲ್ಲಿ ಹಿಡಿದು ಕಳೆದೆ. ಬರಲಿಲ್ಲ. ಒಂದು ತಿಂಗಳಾಯಿತು, ಬರಲಿಲ್ಲ. ಎರಡು, ಮೂರು, ಏಳು ತಿಂಗಳು. ನಮ್ಮ ಸಭೆಯಲ್ಲಿ ಗುಣವಾದವರು ಎದ್ದು ನಿಂತು ಸಾಕ್ಷಿ ಹೇಳುವುದು ರೂಢಿ. ನಾನು ಹೇಳಿದೆ. ಜನ ಅತ್ತರು. ದೇವಸಮುದ್ರದ ಕೂಟಕ್ಕೂ ಕರೆದರು, ಬಸ್ಸಿನಲ್ಲಿ ಹೋಗಿ ಅಲ್ಲೂ ಹೇಳಿದೆ. "ಮಾತ್ರೆ ಎಸೆದೆ, ಕರ್ತನು ನನ್ನನ್ನು ಎತ್ತಿ ಹಿಡಿದನು" ಎನ್ನುವಾಗ ನನ್ನ ಧ್ವನಿ ನನಗೇ ಇಷ್ಟವಾಗುತ್ತಿತ್ತು. ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತಿತ್ತಲ್ಲ, ಅದರ ಹೆಮ್ಮೆಯೇ ಬೇರೆ.

ಆಮೇಲೆ ಅವ್ವ ತನ್ನ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ರಾಯದುರ್ಗಕ್ಕೆ ಹೋದಳು. ಹೋಗುವ ಮನಸ್ಸೇ ಇರಲಿಲ್ಲ ಅವಳಿಗೆ, ನಾಲ್ಕು ದಿನಕ್ಕೆ ಬರ್ತೀನಿ ಎಂದು ಹೋದವಳು ಕೂಸಿಗೆ ಜ್ವರ ಬಂದು ಹತ್ತು ದಿನ ಉಳಿದಳು. ಒಂಬತ್ತನೆಯ ದಿನ ಬೆಳಿಗ್ಗೆ ನಾನು ಎಳೆ ಹೊಸೆಯುತ್ತ ಕೂತಿದ್ದೆ. ವಾಸನೆ ಬಂತು. "ನಾಯ್ನಾ, ಎಳೆ ಸುಟ್ರಾ?" ಎಂದೆ. "ಲೇದಮ್ಮಾ" ಎಂದರು ಅವರು ಮಗ್ಗದಿಂದ ತಲೆಯೆತ್ತದೆ. ಇಲ್ಲಮ್ಮ ಎಂದು. ಆ ಒಂದು ಮಾತಿನ ಭಯ ಇನ್ನೂ ಹೋಗಿಲ್ಲ.

ಒಂದು ನಿಂತು ಇನ್ನೊಂದು, ಅದು ನಿಲ್ಲುವ ಮೊದಲೇ ಮತ್ತೊಂದು. ಯಾರದೋ ಜೀಪಿನಲ್ಲಿ ಹಾಕಿಕೊಂಡು ಚಳ್ಳಕೆರೆಗೆ ಒಯ್ದರಂತೆ. ಎಚ್ಚರವಾದಾಗ ಎರಡು ದಿನ ಕಳೆದಿತ್ತು. ನಾಲಿಗೆ ಬಾಯಿ ತುಂಬ ಊದಿಕೊಂಡಿತ್ತು. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. "ನಾನು ಹೋಗಬಾರ್ದಿತ್ತು, ನಾನು ಹೋಗಬಾರ್ದಿತ್ತು" ಎನ್ನುತ್ತಿದ್ದಳು. ತಾಯಂದಿರು ಹಾಗೇ ಅಲ್ಲವೇ, ಮಳೆ ಬಂದರೂ ತಮ್ಮದೇ ತಪ್ಪು ಎನ್ನುತ್ತಾರೆ ಅಂದುಕೊಂಡೆ.

ಬ್ರದರ್ ನೋಡಲು ಬಂದರು. "ಎಲ್ಲೋ ಅವಿಶ್ವಾಸಕ್ಕೆ ಬಾಗಿಲು ತೆರೆದಿದ್ದೀಯಮ್ಮ, ನೆನಪು ಮಾಡ್ಕೋ" ಎಂದು ಮೆಲ್ಲಗೆ ಹೇಳಿದರು. ನಾನು ನೆನಪು ಮಾಡಿಕೊಂಡೆ. ದಿನಗಟ್ಟಲೆ ಮಾಡಿಕೊಂಡೆ. ಪಕ್ಕದ ಮನೆಯವಳ ಬಳೆ ನೋಡಿ ಆಸೆಪಟ್ಟದ್ದು, ಪ್ರಾರ್ಥನೆಯಲ್ಲಿ ತೂಕಡಿಸಿದ್ದು. ಇಷ್ಟಕ್ಕೆ ದೇವರು ಹೀಗೆ ಬೀಳಿಸುವವನಾದರೆ ಅವನ ಹತ್ತಿರ ಇರಲು ನನಗೆ ಭಯ. ಇದಕ್ಕಿಂತ ದೊಡ್ಡ ಪಾಪ ನನ್ನಲ್ಲಿದ್ದು ಅದು ನನಗೇ ಕಾಣದಿದ್ದರೆ ಇನ್ನೂ ಭಯ. ಇನ್ನು ಸಭೆಗೆ ಬರುವುದಿಲ್ಲ ಎಂದು ನಾಯ್ನನಿಗೆ ಹೇಳಿದೆ. ಅವರು ಬೈಯಲಿಲ್ಲ, ಮುಖ ಆಚೆ ತಿರುಗಿಸಿಕೊಂಡರು.

ಮತ್ತೆ ಮಾತ್ರೆ ಶುರುವಾಯಿತು. ಆಸ್ಪತ್ರೆಗೆ ಹತ್ತಿರ ಇರಲಿ ಎಂದು ನನ್ನನ್ನು ಚಳ್ಳಕೆರೆಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು. ಸೀರೆಗೆ ಕುಚ್ಚು ಕಟ್ಟುತ್ತ ಮೂರು ವರ್ಷ ಅಲ್ಲೇ ಇದ್ದೆ. ಕೇರಿಯ ತುಂಬ ಕಡಲೆಕಾಯಿ ಎಣ್ಣೆಯ ವಾಸನೆ, ಎಳೆ ಸುಡುವವರು ಯಾರೂ ಇಲ್ಲ. ಆದ್ದರಿಂದ ವಾಸನೆ ಬಂದರೆ ಅದು ನನ್ನದೇ. ಅಷ್ಟರ ಮಟ್ಟಿಗೆ ನೆಮ್ಮದಿ. ವರ್ಷಕ್ಕೆ ಎರಡೋ ಮೂರೋ ಸಲ ಬರುತ್ತಿತ್ತು.

ಚಿಕ್ಕಮ್ಮ ನಮ್ಮಂತೆ ದೇವರು ಬದಲಿಸಿದವಳಲ್ಲ. ಜಾತ್ರೆಯಿಲ್ಲದ ಒಂದು ಮಂಗಳವಾರ ನನ್ನನ್ನು ಗೌರಸಮುದ್ರದ ಮಾರಮ್ಮನ ಗುಡಿಗೆ ಕರೆದೊಯ್ದಳು. ಅಲ್ಲಿ ಕೂತಿದ್ದ ಮುದುಕಿಯೊಬ್ಬಳು ನನ್ನ ಕಥೆ ಕೇಳಿ, "ಅಮ್ಮ ನಿನ್ ಮೈಮ್ಯಾಲೆ ಬರ್ತಾಳೆ ಮಗ, ಹೆದ್ರಬ್ಯಾಡ" ಎಂದು ಬೆನ್ನು ಸವರಿದಳು. ಎಷ್ಟು ಅಕ್ಕರೆಯಿಂದ ಹೇಳಿದಳೆಂದರೆ ನನಗೆ ಅಳು ಬಂತು, ಆದರೆ ಹೆದರಿಕೆ ಹೋಗಲಿಲ್ಲ. ಮುಂದೆ ಒಬ್ಬ ನಿವೃತ್ತ ಮೇಷ್ಟ್ರು ಮನೆಯ ಮಹಡಿಯಲ್ಲಿ ನಡೆಸುತ್ತಿದ್ದ ಧ್ಯಾನಕ್ಕೆ ಒಂದು ವರ್ಷ ಹೋದೆ. ಕಣ್ಣು ಮುಚ್ಚಿ ಮನಸ್ಸನ್ನು ನೋಡು ಎನ್ನುತ್ತಿದ್ದರು. ನನಗೆ ಅದಕ್ಕಿಂತ ಭಯದ ಕೆಲಸ ಇನ್ನೊಂದಿಲ್ಲ. ಅವರು ಇದು ಹಿಂದಿನ ಜನ್ಮದ ಶೇಷ ಎಂದರು. ಎಲ್ಲರೂ ಒಳ್ಳೆಯವರೇ. ಆದರೆ ಅಶುದ್ಧಾತ್ಮ, ಅಮ್ಮ, ಹಿಂದಿನ ಜನ್ಮ, ಯಾವುದಾದರೂ ಒಂದು ನನ್ನೊಳಗೆ ಕೂತೇ ಇರಬೇಕಿತ್ತು. ನಾನೊಬ್ಬಳೇ ಇರಲು ಯಾರೂ ಬಿಡಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಗುಡಿಯಲ್ಲಿ ಕೈ ಮುಗಿದಾಗಲೂ, ಮಹಡಿಯಲ್ಲಿ ಕಣ್ಣು ಮುಚ್ಚಿದಾಗಲೂ ನನ್ನ ಬಾಯಿಂದ ಬರುತ್ತಿದ್ದುದು ಯೇಸುವಿಗೆ ಹೇಳುತ್ತಿದ್ದ ಹಳೆಯ ಮಾತೇ. "ಅಪ್ಪಾ, ನಂಗೆ ಹೆದರಿಕೆ ಆಗ್ತೈತೆ." ಅವನ ಮೇಲೆ ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಬಂದವಳು, ದಾರಿಯುದ್ದಕ್ಕೂ ಅವನ ಹತ್ತಿರವೇ ದೂರು ಹೇಳುತ್ತಿದ್ದೆ.

ಚಳ್ಳಕೆರೆಗೆ ತಿಂಗಳಿಗೊಮ್ಮೆ ನರರೋಗದ ಡಾಕ್ಟರೊಬ್ಬರು ಬರುತ್ತಿದ್ದರು. ಅವರು ಬರುವ ದಿನ ಆ ಸಣ್ಣ ಆಸ್ಪತ್ರೆಯ ಪಡಸಾಲೆ ತುಂಬುತ್ತಿತ್ತು. ಎಲ್ಲರ ಗಲ್ಲದಲ್ಲೋ ಹುಬ್ಬಿನಲ್ಲೋ ಬಿದ್ದ ಗಾಯದ ಗೆರೆ. ಎಲ್ಲರ ಅವ್ವಂದಿರ ಸೆರಗಿನಲ್ಲೂ ಬೀಗದ ಕೈ ಗೊಂಚಲು. ಯಾರ ಕೈಯಿಂದಲಾದರೂ ಲೋಟ ಜಾರಿ ಬಿದ್ದರೆ ಸಾಕು, ನಲವತ್ತು ಗೊಂಚಲು ಒಟ್ಟಿಗೆ ಸದ್ದು ಮಾಡುತ್ತಿದ್ದವು. ಆ ಸದ್ದಿಗೆ ನಾವು ರೋಗಿಗಳು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಬೇರೆಲ್ಲೂ ನಾನು ಹಾಗೆ ನಕ್ಕಿದ್ದಿಲ್ಲ.

ಒಂದು ಸಲ ಧೈರ್ಯ ಮಾಡಿ ಡಾಕ್ಟರನ್ನು ಕೇಳಿದೆ, "ನನ್ನೊಳಗೆ ಯಾರಾದ್ರೂ ಇದಾರಾ ಸಾರ್?"

ಅವರು ಚೀಟಿ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಇಷ್ಟು ವರ್ಷದಿಂದ ನೋಡ್ತಿದೀನಮ್ಮ, ನೀನೊಬ್ಬಳೇ ಇದೀಯ. ಜಾಗ ಬೇಕಾದಷ್ಟಿದೆ, ಆರಾಮಾಗಿರು." ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು ಅತ್ತೆ. ಅವತ್ತು ಸಂಜೆ ಕನ್ನಡಿ ನೋಡಿ ತಲೆ ಬಾಚಿದೆ.

ಅದೇ ಪಡಸಾಲೆಯಲ್ಲಿ ಒಂದು ದಿನ ದೇವಸಮುದ್ರದ ಎಸ್ತರಮ್ಮ ಕಂಡಳು. ನಾನು ಸಾಕ್ಷಿ ಹೇಳಿದ್ದ ಕೂಟದಲ್ಲಿ ಮುಂದಿನ ಸಾಲಿನಲ್ಲಿ ಕೂತು ಅತ್ತಿದ್ದ ಅಜ್ಜಿ. ಪಕ್ಕದಲ್ಲಿ ಹನ್ನೊಂದು ವರ್ಷದ ಮೊಮ್ಮಗಳು, ಹೆಸರು ಸುವಾರ್ತ. ಹುಡುಗಿಯ ಬಲಗೈ ಮಣಿಕಟ್ಟಿನಿಂದ ಬೆರಳವರೆಗೆ ಸುಟ್ಟು ಸುಕ್ಕುಗಟ್ಟಿತ್ತು.

"ಇದೇನಜ್ಜಿ?" ಎಂದೆ.

"ಒಲೆ ಮುಂದೆ ಕುಂತಿದ್ಲು, ಬಂದ್ಬುಡ್ತು ಕಣಮ್ಮ. ಕೈ ಒಲೆಗೆ ಹೋತು." ಎಸ್ತರಮ್ಮ ನನ್ನನ್ನು ಗುರುತಿಸಿ ಕೈ ಹಿಡಿದುಕೊಂಡಳು. "ನೀನು ಅವತ್ತು ಹೇಳಿದ್ಯಲ್ಲ, ಮಾತ್ರೆ ಎಸೆದೆ ಅಂತ. ನಾವೂ ನಿಲ್ಸಿದ್ವಿ. ನಿನಗಾತು, ನಮಗ್ಯಾಕೆ ಆಗ್ಲಿಲ್ಲ? ನಮ್ಮ ವಿಶ್ವಾಸ ಸಾಲ್ದೇನೋ."

ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಾನೂ ಮತ್ತೆ ಬಿದ್ದವಳು, ಅದಕ್ಕೇ ಇಲ್ಲಿ ಕೂತಿದ್ದೇನೆ ಎಂದು ಹೇಳಬೇಕಿತ್ತು. ಸುವಾರ್ತ ತನ್ನ ಕೈಯನ್ನು ಲಂಗದ ಮಡಿಕೆಯೊಳಗೆ ಬಚ್ಚಿಟ್ಟುಕೊಂಡಳು. ಅಜ್ಜಿ ಆಚೆ ನೋಡುತ್ತಿದ್ದಾಗ ನನ್ನ ಕಿವಿಯಲ್ಲಿ ಕೇಳಿದಳು, "ಅಕ್ಕಾ, ಅದು ಬಂದಾಗ ನನ್ ಮುಖ ದೆವ್ವದಂಗೆ ಆಗ್ತೈತಂತೆ, ಹೌದಾ?" ನನಗೆ ಗೊತ್ತಿರಲಿಲ್ಲ. ಅದು ಬಂದವರನ್ನು ನಾನೂ ಕಣ್ಣಾರೆ ನೋಡಿರಲಿಲ್ಲ. ಡಾಕ್ಟರನ್ನು ಕಾಣದೆ ಎದ್ದು ಹೋಗಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಮನೆಯಲ್ಲಿ ಹೊಸ ಹಾಸು ಏರಿತ್ತು. ಅವ್ವ ಒಬ್ಬಳೇ ಎಳೆ ಹೊಸೆಯುತ್ತಿದ್ದಳು. ನಾನು ಎದುರು ಕೂತು ಬೆರಳಿಗೆ ಬೂದಿ ಮುಟ್ಟಿಸಿಕೊಂಡೆ. ಹೊಸೆಯುತ್ತಲೇ ಆ ಹುಡುಗಿಯ ಕೈ ಹೇಗಿತ್ತೆಂದು ಹೇಳಿದೆ. "ನಾನು ಸುಳ್ಳು ಹೇಳಲಿಲ್ಲವ್ವ. ಏಳು ತಿಂಗಳು ನಿಜವಾಗ್ಲೂ ಬರ್ಲಿಲ್ಲ. ಯಾಕೆ ಬರ್ಲಿಲ್ಲ?"

ಅವ್ವನ ಬೆರಳು ನಿಂತವು. ಎದ್ದು ಹೋಗಿ ಅಟ್ಟಣಿಗೆಯ ಮೇಲಿನ ದಾಸ್ತಾನಿನ ಡಬ್ಬಿ ಇಳಿಸಿ ತಂದು ನನ್ನ ಮುಂದಿಟ್ಟಳು. ಬೂದಿಯೊಳಗೆ ಕೈ ಹಾಕಿದೆ. ತಳದಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹಳೆಯ ಮಾತ್ರೆಗಳು.

"ತಿಂಗಳು ತಿಂಗಳು ಆಸ್ಪತ್ರೆಗೆ ನಾನೇ ಹೋಗಿ ತರ್ತಿದ್ದೆ," ಎಂದಳು. "ಸಂಜಿಕೆ ಅರೆದು ನಿನ್ ಸಾರಿಗೆ ಹಾಕ್ತಿದ್ದೆ. ಕಹಿ ಅಂದಾಗ ಮೆಂತ್ಯ ಅಂದೆ. ಒಂದ್ಸಲ ನಿಮ್ ಬ್ರದರ್ರು ಈ ಡಬ್ಬಿ ನೋಡಿ, ಇದೇನು ವಿಭೂತೀನಾ ಅಂದ್ರು. ಎಳೆಗೆ ಸ್ವಾಮಿ ಅಂದೆ. ರಾಯದುರ್ಗಕ್ಕೆ ಹೋದಾಗ ಯಾರಿಗೆ ಹೇಳಿ ಹೋಗ್ಲಿ? ನಿಮ್ಮ ನಾಯ್ನಂಗೆ ಹೇಳೋಕಾಗ್ತಿತ್ತಾ?"

ನನಗೆ ಮೊದಲು ಬಂದದ್ದು ಸಿಟ್ಟು. "ನಂಗೆ ಯಾಕೆ ಹೇಳ್ಲಿಲ್ಲ? ದೇವ್ರು ಬಿಟ್ಟ ಅಂತ ಮೂರು ವರ್ಷ ಒದ್ದಾಡಿದೆ."

"ಹೇಳಿದ್ರೆ ನಿನ್ ದೇವ್ರು ಅವತ್ತೇ ಹೋಗ್ತಿದ್ದ. ನಂಗೆ ನೀನೂ ಬೇಕಿತ್ತು, ನಿನ್ ದೇವ್ರೂ ಇರಬೇಕಿತ್ತು. ಎರಡೂ ಉಳಿಸ್ತೀನಿ ಅಂದ್ಕೊಂಡೆ." ಬೂದಿ ಹತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡಳು, ಮುಖವೆಲ್ಲ ಬೂದಿಯಾಯಿತು. ಆ ಮುಖ ನೋಡಿ ನನ್ನ ಸಿಟ್ಟು ಇಳಿದುಹೋಯಿತು.

ಅವನು ನನ್ನನ್ನು ಬಿಟ್ಟಿರಲಿಲ್ಲ, ನನ್ನನ್ನು ಶಿಕ್ಷಿಸಿಯೂ ಇರಲಿಲ್ಲ. ಏಳು ತಿಂಗಳು ದಿನಾ ಸಂಜೆ ಅವ್ವನ ಕೈಯಲ್ಲಿ ಬಂದು ಹೋಗುತ್ತಿದ್ದ, ನಾನು ನೋಡಿರಲಿಲ್ಲ, ಅಷ್ಟೆ. ಇದು ನನಗೆ ಅನ್ನಿಸಿದ್ದು, ಬೇರೆಯವರನ್ನು ಒಪ್ಪಿಸುವ ಹಟ ನನಗಿಲ್ಲ. ಆದರೆ ವಾಪಸು ಹೋಗುವುದಾದರೆ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ನಾನು ಎದ್ದು ನಿಂತು ಹೇಳಿದ್ದನ್ನು ಎದ್ದು ನಿಂತೇ ತಿದ್ದಬೇಕಿತ್ತು.

ಭಾನುವಾರ ಸಾಕ್ಷಿ ಹೇಳಲು ಅವಕಾಶ ಬೇಕು ಎಂದು ನಾಯ್ನನ ಮೂಲಕ ಬ್ರದರಿಗೆ ಹೇಳಿಸಿದೆ. ಏನು ಹೇಳುತ್ತೇನೆಂದು ನಾಯ್ನನಿಗೂ ತಿಳಿಸಲಿಲ್ಲ. ಎಸ್ತರಮ್ಮ ಮೊಮ್ಮಗಳನ್ನು ಕರೆತರಲಿ ಎಂದು ದೇವಸಮುದ್ರಕ್ಕೂ ಸುದ್ದಿ ಕಳಿಸಿದೆ. ನನಗಿದ್ದ ಹೆದರಿಕೆ ಒಂದೇ, ಅಲ್ಲಿ ನಿಂತಾಗ ಬಂದುಬಿಟ್ಟರೆ. ಮಾತ್ರೆಯ ಪರವಾಗಿ ಮಾತಾಡುತ್ತ ಬಿದ್ದರೆ ದೇವರೇ ಬಾಯಿ ಮುಚ್ಚಿಸಿದ ಎನ್ನುತ್ತಾರೆ. ಆ ಹುಡುಗಿಗೆ ಮತ್ತೆ ಶುರುವಾದ ಮಾತ್ರೆಯೂ ನಿಂತುಹೋಗುತ್ತದೆ.

ಎದ್ದು ನಿಂತೆ. ನಾನು ಗುಣವಾಗಿರಲಿಲ್ಲ ಎಂದೆ. ಅವ್ವ ಮಾತ್ರೆ ಅರೆದು ಹಾಕಿದ್ದು, ಅವಳು ಊರಿಗೆ ಹೋದಾಗ ನಾನು ಸಾಯುವ ಸ್ಥಿತಿಗೆ ಬಂದದ್ದು, ಈಗಲೂ ದಿನಾ ಮಾತ್ರೆ ನುಂಗುವುದು, ಎಲ್ಲ ಹೇಳಿದೆ. "ನನ್ನ ಮಾತು ಕೇಳಿ ಯಾರಾದ್ರೂ ನಿಲ್ಸಿದ್ರೆ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೇ ಶುರು ಮಾಡಿ" ಎಂದೆ. ನಾಯ್ನ ತಲೆ ತಗ್ಗಿಸಿದ್ದರು. ಬ್ರದರ್ ಮುಖ ಬಿಳಿಚಿಕೊಂಡಿತ್ತು.

ಆಗ ವಾಸನೆ ಬಂತು.

"ಅವ್ವಾ," ಎಂದೆ ಎಲ್ಲರೆದುರು, "ಯಾರಾದ್ರೂ ಎಳೆ ಸುಟ್ರಾ?" ಅವ್ವ ಹೆಂಗಸರ ಸಾಲಿನಿಂದ ಎದ್ದು ಓಡಿ ಬರುವುದು ಕಾಣಿಸಿತು. ಅಷ್ಟೇ.

ಎಚ್ಚರವಾದಾಗ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದೆ. ತಲೆ ನಾಯ್ನನ ತೊಡೆಯ ಮೇಲಿತ್ತು. ಯಾರೂ ಕೂಗುತ್ತಿರಲಿಲ್ಲ. ಬ್ರದರ್ ನನ್ನ ತಲೆಯ ಕಡೆಗೆ ಕೈ ಚಾಚಿ ಬಂದಿದ್ದರಂತೆ, ಅವ್ವ "ಬ್ಯಾಡ ಸ್ವಾಮಿ, ತಾನಾಗೇ ನಿಲ್ತೈತೆ" ಎಂದಳಂತೆ. ಕಣ್ಣು ಬಿಟ್ಟಾಗ ಅವರು ನೀರಿನ ಲೋಟ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಸಭೆಯಲ್ಲಿ ಡೋಲಕ್ ಬಾರಿಸುವ ಹಿರಿಯರೊಬ್ಬರು ಅವ್ವನ ಪಕ್ಕ ಬಗ್ಗಿ ಮೆಲ್ಲಗೆ ಕೇಳುತ್ತಿದ್ದರು, "ಆ ಮಾತ್ರೆ ಉಂಡ ಮ್ಯಾಲೋ, ಮುಂಚೇನೋ? ನಮ್ಮ ಮನೆಯಾಕೀಗೂ ಐತೆ, ಯಾರಿಗೂ ಹೇಳಿಲ್ಲ."

ಸುವಾರ್ತ ನನ್ನ ಮುಖದ ಹತ್ತಿರವೇ ಕುಕ್ಕರಗಾಲಲ್ಲಿ ಕೂತಿದ್ದಳು. ಎಲ್ಲರೂ ಹಿಂದೆ ಸರಿದಾಗ ಅವಳೊಬ್ಬಳು ಮುಂದೆ ಬಂದು ಮೊದಲಿನಿಂದ ಕೊನೆಯವರೆಗೆ ನೋಡಿದ್ದಳಂತೆ.

"ಅಕ್ಕಾ, ನಂಗೂ ಹಿಂಗೇ ಆಗೋದಾ?"

"ಹೂಂ."

"ಮುಖ ದೆವ್ವದಂಗೇನೂ ಆಗ್ಲಿಲ್ಲ," ಎಂದಳು. "ಇಷ್ಟೇನಾ?"

ನಾಲಿಗೆ ಕಚ್ಚಿಕೊಂಡಿದ್ದೆ, ಮಾತು ತೊದಲಿತು. "ಇಷ್ಟೇ ಕಣೆ," ಎಂದೆ. ಅವಳು ಲಂಗದ ಮಡಿಕೆಯಿಂದ ಸುಟ್ಟ ಕೈಯನ್ನು ಹೊರಗೆ ತೆಗೆದು, ನಾನು ಎದ್ದು ಕೂರಲೆಂದು ಮುಂದೆ ಚಾಚಿದಳು.